ಗೇಟಿನ ತೊಟ್ಟಿಲು

“ಬಾಗಿಲು ಯಾಕೆ ಹಾಕ್ಕೊಂಡಿದೀಯಾ ಕಂಠಿ? ಒಳಗೇನ್ ಮಾಡ್ತಿದೀಯಾ?”

ಹಿತ್ತಲಿನ ಶೆಡ್ಡಿನ ಬಾಗಿಲನ್ನು ಜ್ಯೋತ್ಸ್ನಾ ಎರಡನೇ ಸಲ ಬಡಿದಳು. ಒಳಗೆ ಶ್ರೀಕಂಠ ಇಕ್ಕಳದಲ್ಲಿದ್ದ ಪೈಪನ್ನು ಕುಲುಮೆಯ ಕೆಂಡದಲ್ಲೇ ಬಿಟ್ಟು ಬಂದು, ಬಾಗಿಲಿಗೆ ಬೆನ್ನು ಒತ್ತಿ ನಿಂತುಕೊಂಡ.

“ಬರ್ಬೇಡ, ಕಿಡಿ ಹಾರ್ತಾ ಇದೆ. ನೀನು ಮನೆಯೊಳಗೆ ಹೋಗು, ಚಳಿ.”

“ಒಂದು ಗಂಟೆಯಿಂದ ಕೆಮ್ತಾ ಇದೀಯಾ. ಕಿಚನ್‌ವರೆಗೂ ಕೇಳಿಸ್ತಿದೆ.”

“ಹೊಗೆ ಕಣೇ. ಇನ್ನೊಂದು ಹತ್ತು ನಿಮಿಷ, ಮುಗೀತು.”

ಅವಳು ಗೊಣಗಿಕೊಂಡು ಒದ್ದೆ ಹುಲ್ಲಿನ ಮೇಲೆ ನಿಧಾನವಾಗಿ ವಾಪಸ್ಸು ಹೋದದ್ದು ಅವನಿಗೆ ಕೇಳಿಸಿತು. ತುಂಬಿದ ಬಸುರಿ. ಮಂಗಳವಾರ ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಗೆ ಸೇರಬೇಕು, ಮಗು ಕಾಲು ಕೆಳಗಾಗಿ ಕೂತುಬಿಟ್ಟಿದೆ, ಸಿಸೇರಿಯನ್ ಎಂದು ಆಗಲೇ ಬರೆದಿಟ್ಟಿದ್ದಾರೆ. ಇವತ್ತು ಭಾನುವಾರ. ಹತ್ತು ನಿಮಿಷ, ಹತ್ತು ನಿಮಿಷ ಎಂದು ಇವನು ಬೆಳಗಿನಿಂದ ಹೇಳುತ್ತಲೇ ಇದ್ದ, ಆ ದರಿದ್ರ ಕೊಕ್ಕೆ ಮಾತ್ರ ಬಾಗಲೊಲ್ಲದು.

ಮಾಡುತ್ತಿದ್ದದ್ದು ತೊಟ್ಟಿಲು. ಪಕ್ಕದ ಮನೆಯ ಡೆನಿಸ್ ಕೊಟ್ಟ ಹೊಲದ ಹಳೇ ಗೇಟನ್ನು ಕತ್ತರಿಸಿ ನಾಲ್ಕು ಕಾಲಿನ ಸ್ಟ್ಯಾಂಡು ನಿಲ್ಲಿಸಿದ್ದ. ಕೆಟ್ಟುಹೋದ ಸ್ಪ್ಯಾನರುಗಳನ್ನು ಬಡಿದು ಮೂರು ಗಿಳಿ ಮಾಡಿದ್ದ, ಒಂದು ಗಿಳಿ ಗಿಳಿಯ ಹಾಗೆ ಕಾಣುತ್ತಿತ್ತು, ಮಿಕ್ಕೆರಡು ಕಾಗೆ ಎಂದರೂ ನಡೆಯುತ್ತಿತ್ತು. ಉಳಿದದ್ದು ತೊಟ್ಟಿಲನ್ನು ತೂಗುಹಾಕುವ ಮೇಲಿನ ಕೊಕ್ಕೆಯೊಂದೇ. ಅದೇ ಗೇಟಿನ ಪೈಪಿನ ತುದಿಯನ್ನು ಕಾಯಿಸಿ ಬಾಗಿಸಿದರಾಯಿತು ಅಂದುಕೊಂಡಿದ್ದ. ಬಾಗುವ ಜಾಗದಲ್ಲಿ ಪೈಪು ಪ್ರತಿ ಸಲವೂ ಚಪ್ಪಟೆಯಾಗಿ ಸೀಳುತ್ತಿತ್ತು. ಎರಡು ಹಾಳಾಗಿದ್ದವು, ಇದು ಮೂರನೆಯದು.

ಕೆಂಡದಲ್ಲಿದ್ದ ಪೈಪಿನ ಬಾಯಿಂದ ಬಿಳೀ ಹೊಗೆ ಬರುತ್ತಿತ್ತು. ಹತ್ತಿಯ ಎಳೆಯಂಥದ್ದೇನೋ ಗಾಳಿಯಲ್ಲಿ ತೇಲಿ ಅವನ ತೋಳಿಗೆ ಅಂಟಿತು. ಜಿಐ ಪೈಪನ್ನು ಹಾಗೇ ಕಾಯಿಸಬಾರದು, ಮೇಲಿನ ಸತುವಿನ ಲೇಪ ಸುಟ್ಟರೆ ವಿಷ ಎಂದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಅದಕ್ಕೇ ಹೊರಮೈಯನ್ನು ಗ್ರೈಂಡರಿನಲ್ಲಿ ಫಳಫಳ ಉಜ್ಜಿದ್ದ. ಪೈಪಿಗೆ ಒಳಮೈಯೂ ಇರುತ್ತದೆ, ಅಲ್ಲೂ ಅದೇ ಲೇಪ ಇರುತ್ತದೆ ಅನ್ನುವುದು ಮಾತ್ರ ಹೊಳೆಯಲಿಲ್ಲ. ಈ ಪರದೇಶದಲ್ಲಿ, ಲಿಟಲ್ ಐಲ್ಯಾಂಡ್ ಎಂಬ ಊರಿನ ಔಷಧಿ ಫ್ಯಾಕ್ಟರಿಯೊಂದರಲ್ಲಿ ಈ ಮಹಾರಾಯನ ಕೆಲಸವೇ ಸುರಕ್ಷತೆಯ ನಿಯಮ ಬರೆಯುವುದು. ಯಾವ ಕೋಣೆಯಲ್ಲಿ ಗಾಳಿ ಎಷ್ಟಾಡಬೇಕು, ಯಾವ ಬಾಗಿಲು ಯಾವಾಗ ತೆರೆದಿರಬೇಕು ಎಂದು ಪುಟಗಟ್ಟಲೆ ಬರೆದವನು ತನ್ನ ಶೆಡ್ಡಿನ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿಕೊಂಡಿದ್ದ.

ಬಾಗಿಲು ಹಾಕಿದ್ದಕ್ಕೆ ಕಾರಣ ಮೈಸೂರಿನಲ್ಲಿತ್ತು. ಅತ್ತೆ ಕಮಲಮ್ಮನವರು. ವೀಸಾ ಇಲ್ಲ, ವಿಮಾನ ಇಲ್ಲ, ಮಗಳ ಬಾಣಂತನ ಮಾಡಲು ಬರಲಾಗದ ಸಂಕಟವನ್ನೆಲ್ಲ ಅವರು ವಾರಕ್ಕೆ ಮೂರು ವೀಡಿಯೋ ಕಾಲಿನಲ್ಲಿ ತೋಡಿಕೊಳ್ಳುತ್ತಿದ್ದರು. ಐದನೇ ತಿಂಗಳಲ್ಲೊಮ್ಮೆ, ಜ್ಯೋತ್ಸ್ನಾ ನೀರು ಕುಡಿಯಲು ಎದ್ದುಹೋದ ಹೊತ್ತು ನೋಡಿ, ದನಿ ತಗ್ಗಿಸಿದ್ದರು. “ಅಳಿಯಂದ್ರೇ, ಕೂಸು ಹುಟ್ಟೋಕ್ ಮುಂಚೆ ಕುಲಾವಿ ಬೇಡ. ಒಂದ್ ಸಲ ಆಗಿದ್ದು ಸಾಕು. ಏನೂ ತರ್ಬೇಡಿ, ಅವಳ ಕಣ್ಣಿಗೆ ಏನೂ ಬೀಳ್ಬಾರ್ದು.”

ಒಂದು ಸಲ ಆಗಿದ್ದು ಎರಡು ವರ್ಷದ ಹಿಂದೆ. ನಾಲ್ಕನೇ ತಿಂಗಳಿಗೇ ಉಮೇದಿನಲ್ಲಿ ಅಂಗಡಿಯಿಂದ ಮರದ ತೊಟ್ಟಿಲು ತಂದು ಬೆಡ್‌ರೂಮಿನಲ್ಲಿ ಜೋಡಿಸಿದ್ದರು. ಹದಿನೈದು ದಿನಕ್ಕೆ ಗರ್ಭ ಹೋಯಿತು. ಆ ದಿನ ಆಸ್ಪತ್ರೆಯಲ್ಲಿ ಏಳು ಗಂಟೆ ಕಾಲ ಅವಳ ಕೈ ಹಿಡಿದು ಕೂತಿದ್ದ ಶ್ರೀಕಂಠ, ಮನೆಗೆ ಬಂದು ತೊಟ್ಟಿಲನ್ನು ಬಿಚ್ಚಿ ದಾನದ ಅಂಗಡಿಗೆ ಕೊಟ್ಟುಬಂದಿದ್ದ. ಈ ಸಲ ಕೊರೋನಾ. ಸ್ಕ್ಯಾನಿಗೆ ಗಂಡಂದಿರನ್ನು ಬಿಡಲಿಲ್ಲ, ಚೆಕಪ್ಪಿಗೆ ಬಿಡಲಿಲ್ಲ. ಪ್ರತಿ ಸಲವೂ ಕಾರ್ ಪಾರ್ಕಿನಲ್ಲಿ, ಒಂದೇ ಕಂಬದ ಪಕ್ಕ, ಅವಳು ಹೊರಬರುವುದನ್ನೇ ಕಾಯುತ್ತಾ ಕೂತಿದ್ದ. ಮಗುವಿನ ಎದೆಬಡಿತವನ್ನು ಅವಳು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದು ಕಾರಿನಲ್ಲಿ ಕೇಳಿಸುತ್ತಿದ್ದಳು. ಹೆರಿಗೆಗೆ ಮಾತ್ರ ಒಬ್ಬರನ್ನು ಬಿಡುತ್ತಾರಂತೆ, ಆಪರೇಷನ್ ಮುಗಿಯುವವರೆಗೆ, ಆಮೇಲೆ ಒಂದು ಗಂಟೆ. ಜ್ಯೋತ್ಸ್ನಾ ಒಂಬತ್ತು ತಿಂಗಳಲ್ಲಿ ಅವನನ್ನು ಕೇಳಿಕೊಂಡದ್ದು ಇದೊಂದನ್ನೇ. “ನನ್ನ ತಲೆ ಹತ್ರ ನಿಂತ್ಕೋ. ಏನೂ ಮಾತಾಡ್ಬೇಡ, ಕೈ ಹಿಡ್ಕೋ ಅಷ್ಟೇ.”

ಈ ಕುಲುಮೆಯ ಹುಚ್ಚು ಹಿಡಿದದ್ದೂ ಕೊರೋನಾದಿಂದಲೇ. ಮೊದಲ ಲಾಕ್‌ಡೌನಿನಲ್ಲಿ ಊರೆಲ್ಲ ಬ್ರೆಡ್ ಸುಡುವುದನ್ನು ಕಲಿಯಿತು, ಇವನು ಕಬ್ಬಿಣ ಕಾಯಿಸುವುದನ್ನು ಕಲಿತ. ಡೆನಿಸ್ ಮೂವತ್ತು ವರ್ಷ ಹಾಲಿನ ಲಾರಿ ಓಡಿಸಿ ರಿಟೈರಾದವನು, ಅವನ ಗ್ಯಾರೇಜಿನಲ್ಲಿ ಇಲ್ಲದ ಗುಜರಿಯಿಲ್ಲ. ಲಾರಿಯ ಬ್ರೇಕ್ ಡ್ರಮ್ಮು ಕುಲುಮೆಯಾಯಿತು, ರೈಲಿನ ಕಂಬಿಯ ತುಂಡು ಕಬ್ಬಿಣ ಬಡಿಯುವ ಅಡಿಗಲ್ಲಾಯಿತು, ಜ್ಯೋತ್ಸ್ನಾಳ ಹೇರ್ ಡ್ರೈಯರು ಗಾಳಿಯೂದುವ ತಿದಿಯಾಯಿತು. ಸುತ್ತಿಗೆ ಬಿದ್ದಾಗೆಲ್ಲ ಹೊಟ್ಟೆಯಲ್ಲಿ ಮಗು ಒದೆಯುತ್ತದೆ ಎಂದು ಅವಳು ನಗುತ್ತಿದ್ದಳು.

ಮಧ್ಯಾಹ್ನ ಮೂರನೇ ಕೊಕ್ಕೆಯೂ ಸೀಳಿತು. ಅವನು ಅದನ್ನು ಗೋಡೆಗೆ ಎಸೆದು, ಬಾಯಿಗೆ ಬಂದದ್ದನ್ನೆಲ್ಲ ಬೈದು, ಬಾಗಿಲು ಎಳೆದುಕೊಂಡು ಮನೆಗೆ ಹೋದ.

ನಾಲ್ಕು ಗಂಟೆಗೆ ನಡುಕ ಶುರುವಾಯಿತು. ಮೊದಲು ಬೆನ್ನು, ಆಮೇಲೆ ಹಲ್ಲು ಕಟಕಟ. ಬಾಯಲ್ಲಿ ಹಳೇ ನಾಣ್ಯ ಚೀಪಿದ ಹಾಗೆ ಸಿಹಿ ಸಿಹಿ ರುಚಿ, ಕಾಫಿ ಕುಡಿದರೆ ಕಾಫಿಯೇ ಗೊತ್ತಾಗಲಿಲ್ಲ. ಥರ್ಮಾಮೀಟರು ಮೂವತ್ತೆಂಟೂವರೆ ತೋರಿಸಿತು. ಜ್ವರ, ಕೆಮ್ಮು, ರುಚಿಯಿಲ್ಲ. ಟೀವಿಯಲ್ಲಿ ಒಂದು ವರ್ಷದಿಂದ ಬಾಯಿಪಾಠ ಮಾಡಿಸಿದ ಪಟ್ಟಿಯೇ. ಅವನು ಅವಳ ಹತ್ತಿರ ಸುಳಿಯದೆ, ಮೆಟ್ಟಿಲ ಮೇಲಿಂದಲೇ ಕೂಗಿ ಹೇಳಿ, ಹಿತ್ತಲ ಕಡೆಯ ಸಣ್ಣ ರೂಮು ಸೇರಿ ಬಾಗಿಲು ಹಾಕಿಕೊಂಡ.

“ಎಲ್ಲಿಂದ ಬಂತು? ಅಂಗಡಿಗೂ ನೀನು ಹೋಗಿಲ್ವಲ್ಲ!” ಕೆಳಗಿನಿಂದ ಅವಳು ಕೂಗಿದಳು. ಅವಳೇ ಡಾಕ್ಟರಿಗೆ ಫೋನು ಮಾಡಿದಳು. ನಾಳೆ ಹತ್ತಕ್ಕೆ ಟೆಸ್ಟು, ರಿಸಲ್ಟು ಒಂದು ದಿನದೊಳಗೆ ಮೆಸೇಜು ಬರುತ್ತದೆ ಎಂದರು.

ಅವನು ಕಂಬಳಿ ಹೊದ್ದು ಕಿಟಕಿಯ ಪಕ್ಕ ಕೂತ. ಇನ್ನೂ ಸ್ವಲ್ಪ ಬೆಳಕಿತ್ತು. ಜ್ಯೋತ್ಸ್ನಾ ಹಿತ್ತಲಿಗೆ ಬಂದು ತಂತಿಯ ಮೇಲಿನ ಬಟ್ಟೆ ತೆಗೆಯುತ್ತಿದ್ದಳು. ಗೋಡೆಯಾಚೆ ಡೆನಿಸನ ಟೋಪಿ ಕಂಡಿತು. ಏನೋ ಮಾತು. ಅವಳು ಕಣ್ಣೊರೆಸಿಕೊಂಡಳು. ಡೆನಿಸ್ ಕೈಯೆತ್ತಿ ಶೆಡ್ಡಿನ ಕಡೆ ತೋರಿಸಿದ. ಅವಳು ಬಟ್ಟೆಯ ಬುಟ್ಟಿ ಕೆಳಗಿಟ್ಟು ಆ ಕಡೆ ಹೊರಟಳು.

“ಅಯ್ಯೋ, ಬೇಡ!” ಶ್ರೀಕಂಠ ಕಿಟಕಿ ಬಡಿದ. ಎರಡು ಪದರದ ಗಾಜು, ಯಾರಿಗೂ ಕೇಳಿಸಲಿಲ್ಲ. ಅವಳು ಶೆಡ್ಡಿನ ಬಾಗಿಲು ತೆಗೆದಳು. ತೆಗೆದವಳು ಹಾಗೇ ನಿಂತುಬಿಟ್ಟಳು. ಎಷ್ಟು ಹೊತ್ತೆಂದರೆ ಡೆನಿಸ್ ಗೋಡೆಯಾಚೆಯಿಂದ ಎರಡು ಸಲ ಕೂಗಬೇಕಾಯಿತು.

ಆಮೇಲೆ ಅವನ ಫೋನು ಹೊಡೆದುಕೊಂಡಿತು. ಹಿತ್ತಲಲ್ಲಿ ನಿಂತೇ ಅವಳು ಮಾತಾಡುತ್ತಿದ್ದಳು, ತಲೆ ಎತ್ತಿ ಕಿಟಕಿ ನೋಡುತ್ತಾ.

“ಬಿಳೀ ಹತ್ತಿ ಥರ ಏನಾದ್ರೂ ಬಿದ್ದಿದೆಯಾ ನೋಡು ಅಂದ್ರು ಡೆನಿಸ್. ಎಲ್ಲಾ ಕಡೆ ಬಿದ್ದಿದೆ. ಗೇಟಿನ ಪೈಪು ಕಾಯಿಸಿದ್ಯಂತೆ. ಅದು ಕೋವಿಡ್ ಅಲ್ವಂತೆ, ಸತುವಿನ ಹೊಗೆ ಜ್ವರ. ಅವರ ಲಾರಿ ಕಂಪನಿ ಗ್ಯಾರೇಜಲ್ಲಿ ವೆಲ್ಡಿಂಗ್ ಮಾಡ್ತಿದ್ದೋರಿಗೆಲ್ಲಾ ಬರ್ತಿತ್ತಂತೆ. ಹಾಲು ಕುಡಿ, ನಾಳೆ ಹೊತ್ತಿಗೆ ಗ್ರ್ಯಾಂಡ್ ಆಗ್ತೀಯಾ ಅಂದ್ರು. ಗ್ರ್ಯಾಂಡ್ ಅಂದ್ರೆ ಇಲ್ಲಿನೋರ ಭಾಷೇಲಿ ಆರಾಮು.”

ಅವನಿಗೆ ಹೋದ ಜೀವ ಬಂದಂತಾಯಿತು. “ದೇವ್ರೇ! ನೋಡಿದ್ಯಾ, ಕೋವಿಡ್ ಅಲ್ಲ.”

“ತೊಟ್ಟಿಲು ನೋಡ್ದೆ,” ಅಂದಳು.

ಅವನು ಗಾಜಿಗೆ ಹಣೆ ಒತ್ತಿ ಕೆಳಗೆ ನೋಡಿದ.

“ನಂಗೆ ಕಾಣಬಾರ್ದು ಅಂತ ಬಾಗಿಲು ಹಾಕ್ಕೊಂಡು ಆ ಹೊಗೆ ಕುಡಿದ್ಯಾ?”

“ನಿಮ್ಮಮ್ಮ ಹೇಳಿದ್ರು.”

“ನಮ್ಮಮ್ಮ ಹೇಳಿದ್ಲು! ನಾನು ಹೇಳಿದ್ನಾ? ಆ ತೊಟ್ಟಿಲು ತಂದಿದ್ದಕ್ಕೆ ಮಗು ಹೋಯ್ತು ಅಂತ ನಾನ್ ಯಾವತ್ತಾದ್ರೂ ಅಂದಿದೀನಾ ಕಂಠಿ? ನೀನದನ್ನ ದಾನ ಕೊಟ್ಟು ಬಂದಾಗ ನನ್ನ ಒಂದು ಮಾತು ಕೇಳ್ಲಿಲ್ಲ. ಈಗ್ಲೂ ಕೇಳ್ಲಿಲ್ಲ.” ಅವಳು ಅಳುತ್ತಿದ್ದಳೋ ಬೈಯುತ್ತಿದ್ದಳೋ, ಎರಡೂ ಇತ್ತು. “ಕೇಳಿದ್ರೆ ಬಾಗಿಲು ತೆಗೆದಿಟ್ಕೊಂಡು ಮಾಡು ಅಂತಿದ್ದೆ. ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಕೂತಿರ್ತಿದ್ದೆ.”

ಅರ್ಧ ಗಂಟೆಯ ನಂತರ ರೂಮಿನ ಬಾಗಿಲ ಹೊರಗೆ ಎರಡು ಲೀಟರಿನ ಹಾಲಿನ ಕ್ಯಾನೂ ಒಂದು ಲೋಟವೂ ಬಂದು ಕೂತಿದ್ದವು.

ಡೆನಿಸ್ ಹೇಳಿದ ಹಾಗೇ ಆಯಿತು. ಸೋಮವಾರ ಬೆಳಿಗ್ಗೆ ಏಳುವಾಗ ಜ್ವರ ಜಾರಿತ್ತು. ಹತ್ತಕ್ಕೆ ಹೋಗಿ ಕಾರಿನಲ್ಲೇ ಕೂತು ಮೂಗಿಗೆ ಕಡ್ಡಿ ಹಾಕಿಸಿಕೊಂಡು ಬಂದ. ಮಧ್ಯಾಹ್ನದ ಹೊತ್ತಿಗೆ ಸಾರಿನ ರುಚಿ ನಾಲಿಗೆಗೆ ಹತ್ತಿತು, ಇಂಗು ಜಾಸ್ತಿಯಾಗಿದೆ ಎನ್ನುವಷ್ಟು. ರಿಸಲ್ಟು ಮಾತ್ರ ಬರಲಿಲ್ಲ. ಫೋನನ್ನು ಐದು ನಿಮಿಷಕ್ಕೊಮ್ಮೆ ತಿರುಗಿಸಿ ನೋಡಿದ. ಸಾಯಂಕಾಲ ಮೆಟ್ಟಿಲ ಮೇಲೆ ಅವನು, ಕೆಳಗೆ ಹಜಾರದಲ್ಲಿ ಅವಳು ಬ್ಯಾಗು ತುಂಬುತ್ತಾ.

“ನಾಳೆ ಆಸ್ಪತ್ರೆ ಬಾಗಿಲಲ್ಲಿ ಕೇಳ್ತಾರೆ, ಜ್ವರ ಬಂದಿತ್ತಾ ಅಂತ,” ಅವಳೆಂದಳು.

“ಇಲ್ಲ ಅಂತೀನಿ. ಕಾಯಿಲೆನೇ ಅಲ್ಲ ಅದು.”

“ಮೊದ್ಲು ರಿಸಲ್ಟ್ ಬರ್ಲಿ.”

“ಬರ್ದಿದ್ರೆ?”

ಅವಳು ಸ್ವೆಟರನ್ನು ಮಡಚಿದಳು, ಸರಿಯಾಗಲಿಲ್ಲವೆಂದು ಬಿಚ್ಚಿ ಮತ್ತೆ ಮಡಚಿದಳು. ಅವಳ ಟೆಸ್ಟು ಶನಿವಾರವೇ ಆಗಿ, ಏನೂ ಇಲ್ಲವೆಂದು ಬಂದಿತ್ತು. ಆಸ್ಪತ್ರೆಗೆ ಫೋನು ಮಾಡಿ ಹೇಳಿಬಿಡೋಣವೇ ಎಂದು ಅವಳೂ ಕೇಳಲಿಲ್ಲ, ಅವನೂ ಮಾತೆತ್ತಲಿಲ್ಲ. ಹೇಳಿದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಮಂಗಳವಾರ ಆರೂಮುಕ್ಕಾಲು. ಅವರ ಮನೆಯಿದ್ದ ಗ್ಲಾನ್‌ಮೈರಿನಿಂದ ಆಸ್ಪತ್ರೆಯವರೆಗೂ ಖಾಲಿ ರಸ್ತೆ, ತುಂತುರು ಮಳೆ, ಇಬ್ಬರಿಗೂ ಮಾಸ್ಕು, ಅವಳು ಹಿಂದಿನ ಸೀಟಿನಲ್ಲಿ, ನಾಲ್ಕೂ ಕಿಟಕಿ ತೆರೆದಿದ್ದವು. ಬಾಗಿಲಲ್ಲಿ ಮುಖಕ್ಕೆ ಪ್ಲಾಸ್ಟಿಕ್ ಪರದೆ ಹಾಕಿಕೊಂಡ ನರ್ಸಮ್ಮ ಕಾಗದ ಹಿಡಿದು ನಿಂತಿದ್ದಳು. ಮೊದಲು ಜ್ಯೋತ್ಸ್ನಾಳನ್ನು ಕೇಳಿ ಗುರುತು ಹಾಕಿಕೊಂಡಳು. ಆಮೇಲೆ ಅವನ ಹಣೆಗೆ ಯಂತ್ರ ಹಿಡಿದಳು. ಮೂವತ್ತಾರು ಪಾಯಿಂಟ್ ನಾಲ್ಕು, ಜ್ವರವಿಲ್ಲ.

ಹೊರದೇಶಕ್ಕೆ ಹೋಗಿದ್ದಿರಾ? ನೋ. ಕೋವಿಡ್ ಬಂದವರ ಸಂಪರ್ಕ? ನೋ. ಹದಿನಾಲ್ಕು ದಿನದಲ್ಲಿ ಜ್ವರ, ಕೆಮ್ಮು, ರುಚಿ ಹೋಗಿದ್ದು?

“ನೋ,” ಅಂದ ಶ್ರೀಕಂಠ. ಅವನಿಗೇ ಆಶ್ಚರ್ಯವಾಗುವಷ್ಟು ಸಲೀಸಾಗಿ ಬಂತು.

ನರ್ಸಮ್ಮ ಗುರುತು ಹಾಕಲು ಪೆನ್ನು ಇಳಿಸಿದಳು.

“ಬಂದಿತ್ತು,” ಜ್ಯೋತ್ಸ್ನಾ ಇಂಗ್ಲಿಷಿನಲ್ಲಿ ಹೇಳಿದಳು. “ಭಾನುವಾರ. ಟೆಸ್ಟ್ ಆಗಿದೆ, ರಿಸಲ್ಟ್ ಬಂದಿಲ್ಲ. ನಿನ್ನೆಯೇ ಫೋನ್ ಮಾಡಿ ಹೇಳ್ಬೇಕಿತ್ತು. ಸಾರಿ.”

ಪೆನ್ನು ಅಲ್ಲೇ ನಿಂತಿತು. ಶ್ರೀಕಂಠ ಹೆಂಡತಿಯತ್ತ ತಿರುಗಿದ, ಬಾಯಿಂದ ಕನ್ನಡವೇ ಹೊರಟಿತು, ಅದೂ ಜೋರಾಗಿ. “ಸುಮ್ನಿರೋಕ್ಕಾಗ್ತಿರ್ಲಿಲ್ವಾ ನಿಂಗೆ? ಅದು ಸತು ಅಂತ ನಿಂಗೆ ಗೊತ್ತು!”

“ನಂಗೆ ಗೊತ್ತು. ಡೆನಿಸ್‌ಗೂ ಗೊತ್ತು. ಟೆಸ್ಟ್ ಇನ್ನೂ ಹೇಳಿಲ್ಲ.” ಅವಳು ಒಳಬಾಗಿಲ ಕಡೆ ಕೈ ತೋರಿಸಿದಳು. “ಒಳಗೆ ಎಷ್ಟು ಜನ ಬಸುರೀರು ಮಲಗಿದಾರೆ ಕಂಠಿ. ಅವರ ಗಂಡಂದಿರೂ ಹೀಗೇ ಅಂದ್ಕೊಂಡು ಬಂದಿದ್ರೆ? ಇನ್ನೊಂದು ಸಲ ಮಗು ಕಳ್ಕೊಳ್ಳೋದು ನನ್ನ ಕೈಲಿ ಆಗಲ್ಲ. ಯಾರ ಕೈಲೂ ಆಗಲ್ಲ.”

ನರ್ಸಮ್ಮ ಒಳಗೆ ಹೋಗಿ ಯಾರನ್ನೋ ಕೇಳಿಕೊಂಡು ಬಂದಳು. ತಾಯಿಗೆ ಬೇರೆ ರೂಮು, ಇನ್ನೊಂದು ಟೆಸ್ಟು, ಆಪರೇಷನ್ ಹೇಳಿದ ಹೊತ್ತಿಗೇ. ತಂದೆ ಬರುವ ಹಾಗಿಲ್ಲ. ನಿಯಮ ತಾನು ಮಾಡಿದ್ದಲ್ಲ ಎಂದು ಎರಡು ಸಲ ಹೇಳಿದಳು, ಪಾಪ, ನಿಜಕ್ಕೂ ಬೇಜಾರಿನಲ್ಲೇ ಹೇಳಿದಳು. ಜ್ಯೋತ್ಸ್ನಾ ಅವನ ಕೈಯಿಂದ ಬ್ಯಾಗು ತೆಗೆದುಕೊಳ್ಳಲು ಕೈ ಚಾಚಿದಳು. ಅವನು ಬ್ಯಾಗನ್ನು ನೆಲಕ್ಕಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಕೋಪಕ್ಕೆ ಸರಿದನೋ ನಿಯಮಕ್ಕೆ ಸರಿದನೋ ಅವನಿಗೇ ತಿಳಿಯಲಿಲ್ಲ. ಅವಳು ಬ್ಯಾಗೆತ್ತಿಕೊಂಡು ಒಳಗೆ ಹೋದಳು, ತಿರುಗಿ ನೋಡಲಿಲ್ಲ.

ಅದೇ ಕಾರ್ ಪಾರ್ಕು, ಅದೇ ಕಂಬ. ಅವನು ಸ್ಟೀರಿಂಗಿಗೆ ಗುದ್ದಿದ. ಹೆಂಡತಿಯ ಮೇಲೆ ಸಿಟ್ಟು, ಅತ್ತೆಯ ಮೇಲೆ ಸಿಟ್ಟು, ಗೇಟು ಕೊಟ್ಟ ಡೆನಿಸನ ಮೇಲೂ ಸಿಟ್ಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಯಾರ್ಯಾರನ್ನೋ ಬೈದು, ಕೊನೆಗೆ ಬೈಯಲು ತಾನೊಬ್ಬನೇ ಉಳಿದ. ಒಂದು ಬಾಗಿಲು ತೆರೆದಿಟ್ಟಿದ್ದರೆ ಸಾಕಿತ್ತು. ಒಂದು ಮಾತು ಕೇಳಿದ್ದರೆ ಸಾಕಿತ್ತು. ಅಳು ಬಂತು, ಅತ್ತ.

ಒಂಬತ್ತು ಐವತ್ತೆರಡಕ್ಕೆ ಫೋಟೋ ಬಂತು. ನರ್ಸಮ್ಮನೇ ತೆಗೆದದ್ದು. ಹಸಿರು ಬಟ್ಟೆಯ ಮೇಲೆ ಜ್ಯೋತ್ಸ್ನಾಳ ಕೆನ್ನೆ, ಅದಕ್ಕಂಟಿಕೊಂಡು ಕೆಂಪಗೆ ಬಾಯಿ ತೆರೆದ ಒಂದು ಮುಖ. ಹೆಣ್ಣು, ಎರಡು ಕಿಲೋ ಒಂಬೈನೂರು, ಇಬ್ಬರೂ ಗ್ರ್ಯಾಂಡ್.

ಹನ್ನೊಂದೂ ಇಪ್ಪತ್ತಕ್ಕೆ ಇನ್ನೊಂದು ಮೆಸೇಜು ಬಂತು. ಶ್ರೀಕಂಠ ಎಂಬುವರಲ್ಲಿ ವೈರಸ್ ಪತ್ತೆಯಾಗಿಲ್ಲ.

ಅವನು ಫೋನು ಹಿಡಿದು ಬಾಗಿಲಿಗೆ ಓಡಿದ. ಸೆಕ್ಯುರಿಟಿಯವನು ಓದಿ, ತಲೆದೂಗಿ, ಒಳಗೆ ಫೋನು ಮಾಡಿ ವಿಚಾರಿಸಿದ. ಹೆರಿಗೆಯಾಗಿ ಒಂದು ಗಂಟೆ ಕಳೆದಿದೆ. ಆಮೇಲೆ ಯಾರಿಗೂ ಪ್ರವೇಶವಿಲ್ಲ, ಯಾವ ಗಂಡನಿಗೂ ಇಲ್ಲ. ಶುಕ್ರವಾರ ಬಂದು ಕರೆದುಕೊಂಡು ಹೋಗಬಹುದು. “ಕಂಗ್ರಾಜುಲೇಷನ್ಸ್,” ಎಂದು ಅವನು ಮನಸಾರೆ ಹೇಳಿದ. ಶ್ರೀಕಂಠನಿಗೆ ಅವನ ಹಲ್ಲು ಉದುರಿಸಬೇಕೆನ್ನಿಸಿತು. ಥ್ಯಾಂಕ್ಯೂ ಹೇಳಿ ಕಾರಿಗೆ ಬಂದ.

ಮನೆಗೆ ಬಂದವನು ಊಟ ಮಾಡಲಿಲ್ಲ. ನೇರ ಹಿತ್ತಲಿಗೆ ಹೋದ. ಶೆಡ್ಡಿನ ಬಾಗಿಲನ್ನು ಗೋಡೆಗೆ ತಾಗುವವರೆಗೆ ತೆರೆದು, ಗಾಳಿಗೆ ಮುಚ್ಚಿಕೊಳ್ಳದಂತೆ ಇಟ್ಟಿಗೆ ಇಟ್ಟ. ಬಿಳೀ ಹತ್ತಿಯನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸಿ ತೆಗೆದ. ಗೋಡೆಯ ಮೇಲೆ ಡೆನಿಸ್ ಎಂದೋ ಇಟ್ಟುಹೋಗಿದ್ದ ಕುದುರೆ ಲಾಳವೊಂದಿತ್ತು. ಗಟ್ಟಿ ಕಬ್ಬಿಣ, ಲೇಪಗೀಪ ಏನೂ ಇಲ್ಲದ್ದು. ಮೊದಲೇ ಇದನ್ನು ತೆಗೆದುಕೊಳ್ಳಲು ಏನು ಧಾಡಿಯಾಗಿತ್ತು ಎಂದು ತನ್ನನ್ನೇ ಕೇಳಿಕೊಂಡು ಕುಲುಮೆ ಹೊತ್ತಿಸಿದ.

ಲಾಳ ಕೆಂಪಗಾಗಿ, ಒಂದು ತುದಿ ನೇರವಾಗಿ, ಇನ್ನೊಂದು ತುದಿ ಬಾಗಲು ಶುರುವಾಗಿತ್ತು. ಫೋನು ಹೊಡೆದುಕೊಂಡಿತು. ಅಡಿಗಲ್ಲಿನ ಪಕ್ಕದ ಡಬ್ಬಕ್ಕೆ ಒರಗಿಸಿ ಸ್ಪೀಕರಿಗೆ ಹಾಕಿದ. ಮೊದಲು ಕೇಳಿಸಿದ್ದು ಅಳು. ಕಿವಿ ಹರಿಯುವಂಥ ಅಳು.

“ಒಂದು ಗಂಟೆಯಿಂದ ಹೀಗೇ,” ಜ್ಯೋತ್ಸ್ನಾಳ ದನಿ ಸೋತುಹೋಗಿತ್ತು. “ರೂಮಲ್ಲಿ ನಾನೊಬ್ಳೇ. ಏಳೋಕಾಗ್ತಿಲ್ಲ.”

“ರಿಸಲ್ಟ್ ಬಂತು,” ಅಂದ.

“ನರ್ಸ್ ಹೇಳಿದ್ರು.”

ಮಗು ಇಬ್ಬರ ಪರವಾಗಿಯೂ ಅಳುತ್ತಿತ್ತು.

“ಕೈ ಯಾರೂ ಹಿಡ್ಕೊಳ್ಲಿಲ್ಲ ಅಂದ್ಕೋಬೇಡ,” ಅವಳೆಂದಳು. “ಅನೆಸ್ತೀಷಿಯಾ ಡಾಕ್ಟರ್ ಹಿಡ್ಕೊಂಡಿದ್ರು. ವಯಸ್ಸಾದೋರು. ಆದ್ರೂ...” ಅವಳು ಮಾತು ಬದಲಿಸಿದಳು. “ಏನ್ ಮಾಡ್ತಿದೀಯಾ?”

“ಕೊಕ್ಕೆ.”

“ಬಾಗಿಲು?”

ಅವನು ತಿರುಗಿ ನೋಡಿದ. ಮಳೆಯ ಎರಚಲು ಒಳಗೆ ಬಂದು ಹೊಸ್ತಿಲಿನಿಂದ ಒಂದು ಮಾರು ನೆಲ ಒದ್ದೆಯಾಗಿತ್ತು. ಆಚೆ ಹುಲ್ಲು, ಆಚೆ ಅಡುಗೆಮನೆಯ ಕಿಟಕಿ.

“ತೆಗೆದಿದೆ.”

“ಹಂಗಾದ್ರೆ ಹೊಡಿ. ಒಂಬತ್ತು ತಿಂಗಳು ಕೇಳಿದ ಸದ್ದು, ಗುರುತು ಹಿಡಿದ್ರೂ ಹಿಡೀಬಹುದು. ಫೋನ್ ಇವಳ ಕಿವಿ ಹತ್ರ ಇಟ್ಟಿದೀನಿ.”

ಅವನು ಲಾಳವನ್ನು ಕೆಂಡದಿಂದ ತೆಗೆದು ಅಡಿಗಲ್ಲಿನ ಮೇಲಿಟ್ಟು ಹೊಡೆದ. ಅಳು ನಿಲ್ಲಲಿಲ್ಲ. ಇನ್ನೊಂದು ಹೊಡೆದ. ನಿಲ್ಲಲಿಲ್ಲ.

“ನಿಲ್ಲಿಸ್ಬೇಡ,” ಅಂದಳು ಜ್ಯೋತ್ಸ್ನಾ.

ಅವನು ನಿಲ್ಲಿಸಲಿಲ್ಲ. ಕಬ್ಬಿಣ ಕಪ್ಪಗಾಗುತ್ತಾ ಬಂದರೂ, ಕೊಕ್ಕೆ ಬಾಗಿ ಮುಗಿದರೂ, ಬರೀ ಅಡಿಗಲ್ಲಿನ ಮೇಲೆ ಹೊಡೆಯುತ್ತಲೇ ಇದ್ದ.